ರಂಗಪ್ಪ, ತಿಮ್ಮಕ್ಕ ಮತ್ತು ಮೂವತ್ತನಾಲ್ಕೂವರೆ ಗುಣ

ಹಿರಿಯೂರು ತಾಲ್ಲೂಕಿನ ಧರ್ಮಪುರ ಹೋಬಳಿಯಲ್ಲಿ ಹಿಂದಿನ ತಲೆಮಾರಿನವರ ಹೆಸರು ಕೇಳುತ್ತ ಹೋದರೆ ರಂಗಪ್ಪ, ಈರಣ್ಣ, ತಿಮ್ಮಕ್ಕ, ಕರಿಯಮ್ಮ, ಮಾರಕ್ಕ ಎಂಬಂಥವೇ ಮತ್ತೆ ಮತ್ತೆ ಬರುತ್ತವೆ. ಮನೆದೇವರ ಹೆಸರು ಮಕ್ಕಳಿಗೆ ಇಳಿಯುತ್ತಿತ್ತು. ಹುಟ್ಟಿದ ಗಳಿಗೆಯನ್ನು ಬರೆದಿಡುವ ಪದ್ಧತಿ ಒಕ್ಕಲು ಮನೆಗಳಲ್ಲಿ ಇರಲಿಲ್ಲ. ಹೆಚ್ಚೆಂದರೆ ‘ಕಾರಹುಣ್ಣಿಮೆ ಮುಂದೆ ಹುಟ್ಟಿದವನು’, ‘ದೊಡ್ಡ ಬರದ ವರ್ಷದ ಕೂಸು’ ಎಂಬ ನೆನಪು. ಹೀಗಿರುವಾಗ ಗಂಡು ಹೆಣ್ಣಿನ ಸಾಲಾವಳಿ, ಅಂದರೆ ನಕ್ಷತ್ರ ರಾಶಿಗಳ ಹೊಂದಾಣಿಕೆ, ನೋಡುವುದಾದರೂ ಹೇಗೆ? ಜೋಯಿಸರ ಬಳಿ ಅದಕ್ಕೊಂದು ದಾರಿ ಇತ್ತು. ಹೆಸರಿನ ಮೊದಲ ಅಕ್ಷರದಿಂದಲೇ ನಕ್ಷತ್ರ ಹಿಡಿಯುವುದು. ಇಪ್ಪತ್ತೇಳು ನಕ್ಷತ್ರಗಳಿಗೆ ನಾಲ್ಕು ನಾಲ್ಕು ಪಾದ, ಪಾದಕ್ಕೊಂದು ಅಕ್ಷರ. ಚು, ಚೆ, ಚೊ, ಲ ಬಂದರೆ ಅಶ್ವಿನಿ. ಹೀಗೇ ಸಾಗುತ್ತದೆ ಪಂಚಾಂಗದ ಆ ಕೋಷ್ಟಕ.

ಉದಾಹರಣೆಗೆ ಗಂಡಿನ ಹೆಸರು ರಂಗಪ್ಪ, ಹೆಣ್ಣಿನ ಹೆಸರು ತಿಮ್ಮಕ್ಕ ಎಂದಿಟ್ಟುಕೊಂಡು ಲೆಕ್ಕ ಹಾಕಬಹುದು. ‘ರ’ ಚಿತ್ತಾ ನಕ್ಷತ್ರದ ಮೂರನೇ ಪಾದ, ‘ತಿ’ ವಿಶಾಖದ ಮೊದಲನೇ ಪಾದ. ಎರಡೂ ತುಲಾ ರಾಶಿಗೇ ಬೀಳುತ್ತವೆ. ಇನ್ನು ಎಂಟು ಕೂಟಗಳಿಗೆ ಹಂಚಿದ ಮೂವತ್ತಾರು ಗುಣಗಳಲ್ಲಿ ಎಷ್ಟು ಸಿಗುತ್ತವೆ ಎಂದು ನೋಡಬೇಕು. ರಾಶಿ ಒಂದೇ ಆದ್ದರಿಂದ ರಾಶಿಕೂಟಕ್ಕೆ 7, ರಾಶ್ಯಧಿಪತಿ ಒಬ್ಬನೇ ಆದ್ದರಿಂದ ಗ್ರಹಮೈತ್ರಿಗೆ 5, ವಶ್ಯಕ್ಕೆ 2, ವರ್ಣಕ್ಕೆ 1. ಎರಡು ನಕ್ಷತ್ರಗಳೂ ರಾಕ್ಷಸಗಣ, ಗಣಕೂಟಕ್ಕೆ 6. ಎರಡಕ್ಕೂ ವ್ಯಾಘ್ರಯೋನಿ, ಅದಕ್ಕೆ 4. ಚಿತ್ತಾ ಮಧ್ಯನಾಡಿ, ವಿಶಾಖ ಅಂತ್ಯನಾಡಿ. ನಾಡಿ ಬೇರೆ ಬೇರೆಯಾದರೆ ಪೂರ್ತಿ 8. ತಾರಾಬಲದಲ್ಲಿ ಮಾತ್ರ ಒಂದು ಕಡೆಯಿಂದ ಎಣಿಸಿದರೆ ಕೂಡುತ್ತದೆ, ಇನ್ನೊಂದು ಕಡೆಯಿಂದ ಕೂಡುವುದಿಲ್ಲ, ಮೂರಕ್ಕೆ ಒಂದೂವರೆ. ಒಟ್ಟು ಮೂವತ್ತಾರಕ್ಕೆ ಮೂವತ್ತನಾಲ್ಕೂವರೆ ಗುಣ! ಹದಿನೆಂಟು ಬಂದರೆ ಸಾಕು ಎನ್ನುವ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ.

ಆದರೆ ರಂಗಪ್ಪನೂ ತಿಮ್ಮಕ್ಕನೂ ಒಂದೇ ಬೆಡಗಿನವರು, ಅಂದರೆ ಒಂದೇ ಕುಲದ ಬಳ್ಳಿಯವರು, ಆಗಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಅವರು ಅಣ್ಣ ತಂಗಿ. ಪಂಚಾಂಗ ಏನೇ ಹೇಳಲಿ, ಆ ಮದುವೆ ಆಗುವುದಿಲ್ಲ.

ಸಾಲಾವಳಿಯ ಚರಿತ್ರೆಯನ್ನು ಚಿತ್ರದುರ್ಗದ ಸೀಮೆಯಲ್ಲಿ ನಿಂತು ನೋಡುವವರು ಮೊದಲು ಗಮನಿಸಬೇಕಾದ ಸಂಗತಿ ಇದು. ಇಲ್ಲಿ ನಕ್ಷತ್ರ ಎಂದೂ ಮೊದಲ ಮಾತಾಗಿರಲಿಲ್ಲ. ಕುಂಚಿಟಿಗರಿಗೆ ತಮ್ಮ 48 ಬೆಡಗುಗಳಿವೆ. ಯಾವ ಬೆಡಗಿಗೆ ಯಾವುದು ಅಣ್ಣತಮ್ಮಂದಿರ ಬೆಡಗು, ಯಾವುದು ನೆಂಟರ ಬೆಡಗು ಎಂಬುದು ಹಿರಿಯರ ನಾಲಿಗೆಯ ಮೇಲಿತ್ತು. ಚಳ್ಳಕೆರೆ, ಹಿರಿಯೂರು ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ, ನನ್ನಿವಾಳ, ಗೋನೂರು ಕಟ್ಟೆಮನೆಗಳಿಗೆ ಸೇರಿದ ಮ್ಯಾಸಬೇಡರಲ್ಲಿಯೂ ಬೆಡಗೇ ಮೊದಲು. ಅದಾದ ಮೇಲೆ ಸೋದರಿಕೆ. ಸೋದರಮಾವನ ಮಗಳು, ಸೋದರತ್ತೆಯ ಮಗಳು, ಎಷ್ಟೋ ಮನೆಗಳಲ್ಲಿ ಅಕ್ಕನ ಮಗಳು ಇದ್ದರೆ ಹೊರಗಿನ ಹೆಣ್ಣು ಹುಡುಕುವ ಮಾತೇ ಬರುತ್ತಿರಲಿಲ್ಲ. ಆಮೇಲೆ ದೇವರ ಅಪ್ಪಣೆ. ಮನೆದೇವರ ಮೇಲೆ ಹೂವಿಟ್ಟು ಕೂರುವುದು, ಬಲಗಡೆ ಹೂ ಬಿದ್ದರೆ ಒಪ್ಪಿಗೆ, ಎಡಗಡೆ ಬಿದ್ದರೆ ಬೇಡ. ದಾರಿಯ ಶಕುನ, ಹಲ್ಲಿಯ ನುಡಿ ಬೇರೆ. ಇಷ್ಟೆಲ್ಲ ದಾಟಿ ಎಲೆ ಅಡಿಕೆ ಬದಲಾಯಿಸುವ ಹೊತ್ತಿಗೆ ಜೋಯಿಸರನ್ನು ಕೇಳುತ್ತಿದ್ದರು. ಹೆಚ್ಚಾಗಿ ಕೇಳುತ್ತಿದ್ದುದು ಧಾರೆಗೆ ಯಾವ ದಿನ ಒಳ್ಳೆಯದು ಎಂದು.

ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಹೆಸರಿನಲ್ಲಿ 1928ರಿಂದ 1935ರ ನಡುವೆ ನಾಲ್ಕು ಸಂಪುಟಗಳಲ್ಲಿ ಬಂದ ‘ದಿ ಮೈಸೂರ್ ಟ್ರೈಬ್ಸ್ ಅಂಡ್ ಕಾಸ್ಟ್ಸ್’ ಗ್ರಂಥ ಒಂದೊಂದು ಜಾತಿಯ ಕುಲ, ಬೆಡಗು, ತೆರ, ವೀಳ್ಯಶಾಸ್ತ್ರಗಳನ್ನು ವಿವರವಾಗಿ ದಾಖಲಿಸಿದೆ. ಕಾಡುಗೊಲ್ಲರ ಬಗ್ಗೆ ತೀ.ನಂ. ಶಂಕರನಾರಾಯಣ ಅವರು ಮಾಡಿದ ಕೆಲಸವೂ ಹಾಗೆಯೇ ಬೆಲೆಯುಳ್ಳದ್ದು. ಮನೆತನ ಮನೆತನವನ್ನು ಆರಿಸಿಕೊಳ್ಳುತ್ತಿದ್ದ ಲೋಕ ಅದು. ಹುಡುಗ ಹುಡುಗಿಯ ಮನಸ್ಸು ಏನು ಎಂದು ಅಲ್ಲಿಯೂ ಯಾರೂ ಕೇಳುತ್ತಿರಲಿಲ್ಲ ಎಂಬುದನ್ನು ಮರೆತು ಆ ಕಾಲವನ್ನು ಹೊಗಳುವುದು ಸರಿಯಲ್ಲ.

ಜೋಯಿಸರು ಊರಿನ ಆಯಗಾರರಲ್ಲಿ ಒಬ್ಬರಾಗಿದ್ದರು. ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ಕೊಡುವ ಹನ್ನೆರಡು ಆಯಗಾರರ ಪಟ್ಟಿಯಲ್ಲಿ ಗೌಡ, ಶಾನುಭೋಗ, ಕಮ್ಮಾರ, ಬಡಗಿ, ಅಗಸ, ತಳವಾರ, ನೀರಗಂಟಿಯರ ಜೊತೆಗೇ ಪಂಚಾಂಗದವನೂ ಇದ್ದಾನೆ. ಅವರಂತೆಯೇ ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ ಪಡೆಯುವ ಹಕ್ಕು ಅವನದೂ ಆಗಿತ್ತು. ಯುಗಾದಿಯಲ್ಲಿ ಪಂಚಾಂಗ ಓದಿ ಮಳೆ ಬೆಳೆ ಹೇಳಬೇಕು, ವರ್ಷದ ಮೊದಲ ಉಳುಮೆಯಾದ ಹೊನ್ನಾರು ಕಟ್ಟಲು ಈ ಸಲ ಯಾರ ಹೆಸರಿಗೆ ಬಲವಿದೆ ಎಂದು ನೋಡಬೇಕು, ಬಿತ್ತನೆಗೆ ದಿನ ಹೇಳಬೇಕು, ಮದುವೆಗೆ ಲಗ್ನ ಕಟ್ಟಬೇಕು. ಊರಿನ ಕಣದಲ್ಲೇ ಅವನ ಅನ್ನವೂ ಇದ್ದುದರಿಂದ ಅವನ ಪಂಚಾಂಗಕ್ಕೆ ಒಂದು ಮೆದುತನ ಇತ್ತು. ಎರಡು ಮನೆಯವರು ಒಪ್ಪಿ ಎಲೆ ಅಡಿಕೆ ಹಿಡಿದು ಬಂದಾಗ ಹೆಸರು ಕೂಡದಿದ್ದರೆ ಹೆಣ್ಣಿನ ಹೆಸರನ್ನೇ ಬದಲಿಸುತ್ತಿದ್ದರು. ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು ಹೆಸರಿದ್ದ ಅಜ್ಜಿಯರು ಹಳೆ ಮೈಸೂರಿನ ಹಳ್ಳಿಗಳಲ್ಲಿ ಅಪರೂಪವಲ್ಲ. ಗಂಡಿನ ಹೆಸರು ಬದಲಿಸಿದ ಮಾತು ಕೇಳಿಬರುವುದಿಲ್ಲ.

ಈ ಸೀಮೆಗೆ ನಕ್ಷತ್ರಗಳ ಲೆಕ್ಕ ಹೊಸದೇನಲ್ಲ. ಧರ್ಮಪುರದಿಂದ ಗಡಿ ದಾಟಿದರೆ ಆಂಧ್ರದ ಅಮರಾಪುರ, ಅದೇ ಮಂಡಲದಲ್ಲಿ ಹೇಮಾವತಿ. ಅದು ನೊಳಂಬ ಪಲ್ಲವರ ರಾಜಧಾನಿ, ಶಾಸನಗಳ ಹೆಂಜೇರು. ನೊಳಂಬವಾಡಿ ಮೂವತ್ತೆರಡು ಸಾಸಿರ ಎಂಬ ಪ್ರಾಂತ್ಯದ ನಡುಮನೆಯೇ ಈ ಸೀಮೆ. ಎಪಿಗ್ರಾಫಿಯಾ ಕರ್ನಾಟಿಕದ ಹನ್ನೊಂದನೇ ಸಂಪುಟ ಚಿತ್ರದುರ್ಗ ಜಿಲ್ಲೆಯ ಶಾಸನಗಳದ್ದು. ಅಂಥ ಶಾಸನಗಳಲ್ಲಿ ತಿಥಿ, ವಾರ, ಸಂಕ್ರಮಣ, ಗ್ರಹಣ ಎಲ್ಲ ಬರುತ್ತವೆ. ಆದರೆ ಅವು ದಾನದ ಹೊತ್ತನ್ನು ಗಟ್ಟಿ ಮಾಡಲು ಬರೆದವು, ದೇವರಿಗೆ ಭೂಮಿ ಬಿಟ್ಟ ಗಳಿಗೆ ಪುಣ್ಯಕಾಲವಾಗಿತ್ತು ಎಂದು ಸಾರಲು. ಕನ್ನಡದಲ್ಲಿ ಜ್ಯೋತಿಷವನ್ನು ಗ್ರಂಥವಾಗಿ ಮೊದಲು ಬರೆದವನು ನರಗುಂದದ ಶ್ರೀಧರಾಚಾರ್ಯ. ಅವನ ‘ಜಾತಕತಿಲಕ’ದ ಕಾಲ 1049. ಆಗ ಚಾಲುಕ್ಯ ಆಹವಮಲ್ಲ ಸೋಮೇಶ್ವರ ಆಳುತ್ತಿದ್ದ. ನೊಳಂಬರು ಚಾಲುಕ್ಯರ ಸಾಮಂತರಾಗಿದ್ದರು.

ಮದುವೆಯ ಕೂಟಗಳಿಗೆ ಬಲವಾದ ಸಾಕ್ಷಿ ಸಿಗುವುದು ಅದರ ಮುಂದಿನ ಶತಮಾನದಲ್ಲಿ, ಅದೂ ಅವುಗಳನ್ನು ಬೇಡವೆಂದವರ ಬಾಯಲ್ಲಿ. ಬಸವಣ್ಣನವರ ಒಂದು ವಚನ ಶುಭಲಗ್ನ, ರಾಶಿಕೂಟ, ಗಣಸಂಬಂಧ, ಚಂದ್ರಬಲ, ತಾರಾಬಲಗಳನ್ನು ಒಂದೊಂದಾಗಿ ಹೆಸರಿಸುತ್ತದೆ. ನಮ್ಮವರು ಬಂದು ಕೇಳಿದರೆ ಎಲ್ಲವೂ ಶುಭವೆಂದೇ ಹೇಳಿ ಎಂಬುದು ಅದರ ತಾತ್ಪರ್ಯ. ಜನರು ಜೋಯಿಸರ ಮನೆಬಾಗಿಲಿಗೆ ಹೋಗಿ ರಾಶಿ ಕೂಡುತ್ತದೆಯೇ, ಗಣ ಕೂಡುತ್ತದೆಯೇ ಎಂದು ಕೇಳುತ್ತಿದ್ದರು ಎಂಬುದು 12ನೇ ಶತಮಾನದ ಹೊತ್ತಿಗೆ ಕಲ್ಯಾಣದಲ್ಲಿ ಮಾಮೂಲು ಸಂಗತಿಯಾಗಿತ್ತು ಎಂದಾಯಿತು. ಆದರೆ ಅಂಕಗಳ ಲೆಕ್ಕ ಎಲ್ಲ ಹಳೆಯ ಗ್ರಂಥಗಳಲ್ಲೂ ಇರುವಂಥದ್ದಲ್ಲ. ಆರನೇ ಶತಮಾನದ ವರಾಹಮಿಹಿರನ ‘ಬೃಹಜ್ಜಾತಕ’ದಲ್ಲಿ ಮೂವತ್ತಾರು ಗುಣಗಳ ಕೋಷ್ಟಕ ಇಲ್ಲ. ವರ್ಣ, ವಶ್ಯ, ತಾರೆ, ಯೋನಿ, ಗ್ರಹಮೈತ್ರಿ, ಗಣ, ರಾಶಿ, ನಾಡಿ ಎಂಬ ಎಂಟು ಕೂಟಗಳನ್ನು ಇಂದಿಗೂ ಪ್ರಮಾಣವಾಗಿ ಹಿಡಿಯುವ ‘ಮುಹೂರ್ತ ಚಿಂತಾಮಣಿ’ಯನ್ನು ರಾಮ ದೈವಜ್ಞ ಕಾಶಿಯಲ್ಲಿ ಬರೆದದ್ದು 1600ರಲ್ಲಿ. ದಕ್ಷಿಣದಲ್ಲಿ ರಜ್ಜು, ವೇಧ, ಮಾಹೇಂದ್ರ, ಸ್ತ್ರೀದೀರ್ಘ ಸೇರಿದ ಹತ್ತು ಕೂಟಗಳ ಇನ್ನೊಂದು ಪದ್ಧತಿ ಇದೆ. ಒಂದೇ ಜೋಡಿ ಒಂದರಲ್ಲಿ ತೇರ್ಗಡೆಯಾಗಿ ಇನ್ನೊಂದರಲ್ಲಿ ಬೀಳಬಹುದು.

ವರ್ಣಕೂಟವನ್ನು ಸ್ವಲ್ಪ ನಿಂತು ನೋಡಬೇಕು. ಕರ್ಕಾಟಕ, ವೃಶ್ಚಿಕ, ಮೀನ ಬ್ರಾಹ್ಮಣ. ಮೇಷ, ಸಿಂಹ, ಧನು ಕ್ಷತ್ರಿಯ. ವೃಷಭ, ಕನ್ಯಾ, ಮಕರ ವೈಶ್ಯ. ಮಿಥುನ, ತುಲಾ, ಕುಂಭ ಶೂದ್ರ. ಗಂಡಿನ ವರ್ಣ ಹೆಣ್ಣಿನದಕ್ಕಿಂತ ಮೇಲಿರಬೇಕು ಅಥವಾ ಸಮನಾಗಿರಬೇಕು. ಪಾಶ್ಚಾತ್ಯ ಜ್ಯೋತಿಷದಲ್ಲಿ ಇವೇ ಮೂರು ಮೂರು ರಾಶಿಗಳ ಗುಂಪು ಜಲ, ಅಗ್ನಿ, ಭೂಮಿ, ವಾಯು ಎಂದು ಹೆಸರು ಪಡೆಯುತ್ತದೆ. 2022ರಲ್ಲಿ ಅಮೆಜಾನ್ ಪ್ರೈಮ್ ವಿಡಿಯೊದಲ್ಲಿ ಬಂದ ‘ಕಾಸ್ಮಿಕ್ ಲವ್’ ಎಂಬ ಅಮೆರಿಕದ ಡೇಟಿಂಗ್ ರಿಯಾಲಿಟಿ ಷೋ ನಿಂತಿದ್ದು ಆ ಗುಂಪುಗಳ ಮೇಲೆಯೇ. ಅಗ್ನಿ, ಭೂಮಿ, ವಾಯು, ಜಲ ಎಂದು ನಾಲ್ವರು ಮುಖ್ಯ ಅಭ್ಯರ್ಥಿಗಳು, ಅವರಿಗಾಗಿ ಬಂದ ಉಳಿದವರು, ಯಾರಿಗೆ ಯಾರು ಹೊಂದುತ್ತಾರೆಂದು ಜನ್ಮಕುಂಡಲಿ ನೋಡಿ ಹೇಳುವ ‘ಆಸ್ಟ್ರೊ ಚೇಂಬರ್’. ಅಲ್ಲಿ ಅದು ಸ್ವಭಾವ ಹೇಳುವ ಗುಂಪು. ಇಲ್ಲಿ ಮೇಲು ಕೀಳು ಹೇಳುವ ಗುಂಪು. ಆಕಾಶದ ಆ ಹನ್ನೆರಡು ಮನೆಗಳೊಳಗೂ ನಾವು ಜಾತಿ ಕಟ್ಟಿದೆವು ಎಂಬುದನ್ನು ಹೇಳದೆ ಸಾಲಾವಳಿಯ ಚರಿತ್ರೆ ಪೂರ್ತಿಯಾಗುವುದಿಲ್ಲ.

ಹಳ್ಳಿಯ ಹೆಸರುಬಲ ಪೂರ್ಣ ಜಾತಕವಾಗಿ ಬದಲಾದದ್ದು ಕಳೆದ ನೂರು ವರ್ಷದೊಳಗಿನ ಮಾತು. ಅದಕ್ಕೆ ಒಂದು ಕಾರಣ ಅಚ್ಚು. ಮೈಸೂರಿನ ಒಂಟಿಕೊಪ್ಪಲ್ ಪಂಚಾಂಗದಂಥವು ಅಂಗಡಿಗೆ ಬಂದ ಮೇಲೆ ಸಾಲಾವಳಿಯ ಕೋಷ್ಟಕ ಅಕ್ಷರ ಬಲ್ಲ ಯಾರಿಗೂ ಸಿಗುವಂತಾಯಿತು. ಬಿ. ಸೂರ್ಯನಾರಾಯಣ ರಾವ್ 1895ರಲ್ಲಿ ಶುರು ಮಾಡಿದ ‘ದಿ ಅಸ್ಟ್ರಲಾಜಿಕಲ್ ಮ್ಯಾಗಜಿನ್’ ಪತ್ರಿಕೆಯನ್ನು ಅವರ ಮೊಮ್ಮಗ ಬಿ.ವಿ. ರಾಮನ್ 1936ರಲ್ಲಿ ಮತ್ತೆ ಕೈಗೆತ್ತಿಕೊಂಡು ಬೆಂಗಳೂರಿನಿಂದ ದಶಕಗಳ ಕಾಲ ನಡೆಸಿದರು. ಇಂಗ್ಲಿಷ್ ಓದಿದ ನೌಕರ ವರ್ಗಕ್ಕೆ ಕೂಟ, ಕುಜದೋಷಗಳನ್ನು ವಿಜ್ಞಾನದ ಭಾಷೆಯಲ್ಲಿ ತಲುಪಿಸಿದ್ದು ಅವರ ಪುಸ್ತಕಗಳು. ಇನ್ನೊಂದು ಕಾರಣ ಗಡಿಯಾರ. ಲಗ್ನ ಗುಣಿಸಲು ಹುಟ್ಟಿದ ನಿಮಿಷ ಬೇಕು. ಮನೆಯಲ್ಲೇ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದ ಮಗುವಿಗೆ ಅದು ಇರಲಿಲ್ಲ. ಹೆರಿಗೆ ಆಸ್ಪತ್ರೆಗೆ ಹೋದ ಮೇಲೆ ಬಿಡುಗಡೆ ಚೀಟಿಯಲ್ಲಿ ಗಂಟೆ, ನಿಮಿಷ ಬರೆದುಕೊಟ್ಟರು. 2005ರಲ್ಲಿ ಬಂದ ಜನನಿ ಸುರಕ್ಷಾ ಯೋಜನೆ ತಾಯಿ ಮಗುವಿನ ಜೀವ ಉಳಿಸಲು ಬಡ ಹೆಂಗಸರನ್ನು ಆಸ್ಪತ್ರೆಗೆ ಕರೆತಂದಿತು. ಆ ಚೀಟಿಯ ಜೊತೆಗೇ ಎಷ್ಟೋ ಹಟ್ಟಿಗಳ ಮಕ್ಕಳಿಗೆ ಮೊದಲ ಸಲ ಜಾತಕ ಬರೆಸುವ ಅವಕಾಶವೂ ಬಂತು.

ಜಾತಕ ಬಂದಾಗ ಅದರ ಹಿಂದೆಯೇ ಭಯವೂ ಬಂತು. ಮೂಲಾ ನಕ್ಷತ್ರದ ಹೆಣ್ಣು ಮಾವನಿಗಾಗದು, ಆಶ್ಲೇಷ ಅತ್ತೆಗಾಗದು, ಜ್ಯೇಷ್ಠಾ ಭಾವನಿಗಾಗದು, ವಿಶಾಖ ಮೈದುನನಿಗಾಗದು. ಏಳನೇ ಮನೆಯಲ್ಲೋ ಎಂಟನೇ ಮನೆಯಲ್ಲೋ ಕುಜ ಕೂತಿದ್ದರೆ ಗಂಡನಿಗೇ ಕೇಡು. ರೂಢಿಯ ಮಾತಿನಲ್ಲಿ ‘ಈ ನಕ್ಷತ್ರದ ಗಂಡು ಅತ್ತೆಗಾಗನು’ ಎಂದು ಕೇಳಿಬರುವುದು ಅಪರೂಪ. ನಮ್ಮ ತಿಮ್ಮಕ್ಕನ ಹೆಸರು ವಿಶಾಖಕ್ಕೆ ಬೀಳುತ್ತದೆ. ಹೆಸರು ನೋಡುತ್ತಿದ್ದ ಕಾಲದಲ್ಲಿ ಹೆಸರು ಬದಲಿಸಿ ದಾರಿ ಮಾಡಿಕೊಡಬಹುದಿತ್ತು. ಹುಟ್ಟಿದ ನಿಮಿಷವನ್ನು ಬದಲಿಸಲು ಬರುವುದಿಲ್ಲ. ಓದಿ, ದುಡಿದು, ಮನೆ ನಡೆಸುತ್ತಿರುವ ಹೆಣ್ಣುಮಕ್ಕಳು ನಕ್ಷತ್ರದ ಕಾರಣಕ್ಕೆ ವರ್ಷಗಟ್ಟಲೆ ಬೇಡದವರಾಗಿ ಕಾಯುವುದು, ದೋಷ ಮುಚ್ಚಿಡಲು ಸುಳ್ಳು ಜಾತಕ ಬರೆಸುವುದು ಈ ಹೊಸ ಕಾಲದ ನೋವು. ಇದನ್ನು ಸಂಪ್ರದಾಯ ಎಂದು ಕರೆದು ಸುಮ್ಮನಾಗುವುದು ಅನ್ಯಾಯ. ಇದೇ ಸೀಮೆಯ ಎಷ್ಟೋ ಮನೆಗಳಿಗೆ ಇದು ಅಜ್ಜಿಯ ಕಾಲದಲ್ಲಿ ಇರಲೇ ಇಲ್ಲ.

ಬೇರೆ ದಾರಿ ತೋರಿಸಿದವರೂ ಕನ್ನಡ ನಾಡಿನವರೇ. ಕುವೆಂಪು ಲಗ್ನ, ಜಾತಕ, ಪುರೋಹಿತರ ಹಂಗಿಲ್ಲದ ಮಂತ್ರಮಾಂಗಲ್ಯವನ್ನು ರೂಪಿಸಿದರು. 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಹಾಗೆಯೇ ಸರಳವಾಗಿ ನಡೆಯಿತು. ಚಿತ್ರದುರ್ಗದ ಮುರುಘಾಮಠ ಪ್ರತಿ ತಿಂಗಳ 5ನೇ ತಾರೀಖು ಸಾಮೂಹಿಕ ಕಲ್ಯಾಣ ನಡೆಸುವ ಪದ್ಧತಿ ಇಟ್ಟುಕೊಂಡಿತು. ಐದನೇ ತಾರೀಖು ಅಮಾವಾಸ್ಯೆಯೇ ಆಗಲಿ, ಆಷಾಢವೇ ಬರಲಿ, ಮದುವೆ ಅಂದೇ. ಬೇರೆ ಬೇರೆ ಜಾತಿಯ, ಬೇರೆ ಬೇರೆ ತಾಲ್ಲೂಕಿನ ಬಡವರ ಮಕ್ಕಳು ಅಲ್ಲಿ ತಾಳಿ ಕಟ್ಟಿಸಿಕೊಂಡರು. ಬಸವಣ್ಣನವರ ಆ ವಚನವನ್ನು ಕ್ಯಾಲೆಂಡರಿನ ಮೇಲೆ ಆಚರಿಸಿದ ರೀತಿ ಅದು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡ, ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿ ರಚಿಸಿ ನಾಡಿನ ತುಂಬ ಚರ್ಚೆ ಎಬ್ಬಿಸಿದ್ದನ್ನೂ ಇಲ್ಲಿ ನೆನೆಯಬೇಕು.

ಆಮೇಲೆ ಟೀವಿ ಬಂತು. 1994ರಲ್ಲಿ ಉದಯ ಟೀವಿಯಿಂದ ಆರಂಭವಾದ ಖಾಸಗಿ ವಾಹಿನಿಗಳ ಯುಗದಲ್ಲಿ ಬೆಳಗಿನ ಹೊತ್ತು ಜ್ಯೋತಿಷಿಗಳ ಪಾಲಾಯಿತು. ‘ಬೃಹತ್ ಬ್ರಹ್ಮಾಂಡ’ ಕಾರ್ಯಕ್ರಮದಿಂದ ಮನೆಮಾತಾದ ನರೇಂದ್ರ ಬಾಬು ಶರ್ಮ 2013ರಲ್ಲಿ ಈಟೀವಿ ಕನ್ನಡದಲ್ಲಿ ಶುರುವಾದ ‘ಬಿಗ್ ಬಾಸ್ ಕನ್ನಡ’ದ ಮೊದಲ ಆವೃತ್ತಿಯಲ್ಲೇ ಸ್ಪರ್ಧಿಯಾಗಿ ಮನೆಯೊಳಗೆ ಹೋದರು. 2017ರ ಐದನೇ ಆವೃತ್ತಿಗೆ ಸಂಖ್ಯಾಶಾಸ್ತ್ರಜ್ಞ ಜಯಶ್ರೀನಿವಾಸನ್ ಬಂದರು. 2022ರಲ್ಲಿ ಆರ್ಯವರ್ಧನ್ ಗುರೂಜಿ ಬಂದರು. ಹುಡುಗ ಹುಡುಗಿಯರ ನಡುವೆ ಸ್ನೇಹ, ಮುನಿಸು, ಒಲವು ಹುಟ್ಟುವುದನ್ನು ನಾಡೇ ಕೂತು ನೋಡುವ ಮನೆಯೊಳಗೆ ಭವಿಷ್ಯ ಹೇಳುವವರಿಗೂ ಒಂದು ಹಾಸಿಗೆ ಸಿಕ್ಕಿತು. ಬಿಗ್ ಬಾಸ್ ಡೇಟಿಂಗ್ ಕಾರ್ಯಕ್ರಮವಲ್ಲ. ಆದರೂ ಮನೆಯಲ್ಲಿ ಜೋಡಿಯಾಗಿ ಕಂಡವರ ಬಗ್ಗೆ ಹೊರಗೆ ನಡೆಯುವ ಮಾತುಕತೆ ಅದರ ದೊಡ್ಡ ಆಕರ್ಷಣೆ. ಅರಳಿಕಟ್ಟೆಯಲ್ಲಿ ನಡೆಯುತ್ತಿದ್ದ ಸಂಬಂಧದ ಮಾತು ಅಲ್ಲಿ ನಾಡಿನದಾಗುತ್ತದೆ.

ಜಾತಕವನ್ನು ನೇರವಾಗಿ ಕ್ಯಾಮೆರಾ ಮುಂದೆ ಇಟ್ಟಿದ್ದು ನೆಟ್‌ಫ್ಲಿಕ್ಸ್‌ನ ‘ಇಂಡಿಯನ್ ಮ್ಯಾಚ್‌ಮೇಕಿಂಗ್’. 2020ರ ಜುಲೈ 16ರಂದು, ಕೊರೊನಾ ಕಾಲದಲ್ಲಿ ಎಲ್ಲರೂ ಮನೆಯಲ್ಲಿ ಕೂತಿದ್ದಾಗ, ಎಂಟು ಕಂತುಗಳ ಮೊದಲ ಸರಣಿ ಬಂತು. ಮುಂಬೈನ ಸೀಮಾ ತಪಾರಿಯಾ ಬಯೋಡೇಟಾ ಹಿಡಿದು ಭಾರತದಲ್ಲೂ ಅಮೆರಿಕದಲ್ಲೂ ಮನೆ ಮನೆ ಸುತ್ತುತ್ತಾರೆ. ಬೇಕಾದಾಗ ಜ್ಯೋತಿಷಿಯನ್ನು, ಫೋಟೊ ನೋಡಿಯೇ ಗುಣ ಹೇಳುವ ಮುಖಶಾಸ್ತ್ರಿ ಜನಾರ್ದನ ಧುರ್ಬೆಯವರನ್ನು ಕೇಳುತ್ತಾರೆ. ಸ್ಮೃತಿ ಮುಂಧ್ರಾ ರೂಪಿಸಿದ ಈ ಸರಣಿ ಎಮ್ಮಿ ಪ್ರಶಸ್ತಿಗೆ ನಾಮನಿರ್ದೇಶನ ಪಡೆಯಿತು, ಇನ್ನೂ ಎರಡು ಆವೃತ್ತಿ ಕಂಡಿತು. ಬಣ್ಣ, ಎತ್ತರ, ಜಾತಿಯ ಮಾತು ಅಷ್ಟು ಸಲೀಸಾಗಿ ಬಂದದ್ದಕ್ಕೆ, ಹೊಂದಿಕೊಳ್ಳುವ ಹೊರೆ ಹೆಣ್ಣಿನ ಮೇಲೇ ಬಿದ್ದದ್ದಕ್ಕೆ ಕಟುವಾದ ಟೀಕೆಯೂ ಬಂತು. ಆ ಟೀಕೆ ನ್ಯಾಯವಾದದ್ದು. ಆದರೆ ಆ ಸರಣಿಯಲ್ಲಿ ಕಾಣುವ ಒಂದು ಬದಲಾವಣೆಯನ್ನು ಗಮನಿಸಿದವರು ಕಡಿಮೆ. ಅಲ್ಲಿ ಹುಡುಗಿ ಮಾತಾಡುತ್ತಾಳೆ. ತನಗೇನು ಬೇಕು ಎಂದು ಹೇಳುತ್ತಾಳೆ, ಹುಡುಗನನ್ನು ಭೇಟಿಯಾಗಿ ಬೇಡವೆನ್ನುತ್ತಾಳೆ. ಜ್ಯೋತಿಷಿಯ ಮಾತು ಅವಳ ಕಿವಿಗೇ ಬೀಳುತ್ತದೆ. ಧರ್ಮಪುರದ ಕಡೆಯ ಹಳೆಯ ಪದ್ಧತಿಯಲ್ಲಿ ಜೋಯಿಸರ ಮುಂದೆ ಕೂರುತ್ತಿದ್ದವರು ಗಂಡಸರು, ಹಿರಿಯರು. ತಿಮ್ಮಕ್ಕ ಅಲ್ಲಿ ಇರುತ್ತಲೇ ಇರಲಿಲ್ಲ.

ಟೀವಿಗಿಂತ ಆಳಕ್ಕೆ ಇಳಿದಿರುವುದು ಮೊಬೈಲು. 1990ರ ದಶಕದ ಕೊನೆಯಲ್ಲಿ ಶುರುವಾದ ಭಾರತ್ ಮ್ಯಾಟ್ರಿಮನಿ, ಶಾದಿ ಡಾಟ್ ಕಾಮ್‌ನಂಥ ಜಾಲತಾಣಗಳಲ್ಲಿ ಹುಟ್ಟಿದ ದಿನ, ಹೊತ್ತು, ಊರು ತುಂಬಿದರೆ ಜಾತಕ ತಾನಾಗಿ ತಯಾರಾಗುತ್ತದೆ. ಎದುರಿನವರ ಜೊತೆ ಎಷ್ಟು ಕೂಡುತ್ತದೆ ಎಂಬುದೂ ಕಾಣಿಸುತ್ತದೆ. ಕ್ರಮ ಇಲ್ಲಿ ತಲೆಕೆಳಗಾಯಿತು. ಬೆಡಗು, ಸೋದರಿಕೆ, ದೇವರ ಹೂವು, ಮನೆ ನೋಡುವುದು ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಬರುತ್ತಿದ್ದ ಸಾಲಾವಳಿ ಈಗ ಮೊದಲೇ ಬಂದು ನಿಲ್ಲುತ್ತದೆ. ಹದಿನೆಂಟಕ್ಕೆ ಕೆಳಗೆ ಬಂದ ಮುಖವನ್ನು ಎಷ್ಟೋ ಮಂದಿ ತೆರೆದೂ ನೋಡುವುದಿಲ್ಲ. ಪರಿಹಾರ ಹೇಳಲು, ಹೆಸರು ಬದಲಿಸಿ ಕೂಡಿಸಲು ಎರಡೂ ಮನೆಯನ್ನು ಬಲ್ಲ ಜೋಯಿಸರು ನಡುವೆ ಇಲ್ಲ. ಅದೇ ಫಾರಂನಲ್ಲಿ ಜಾತಿ, ಒಳಪಂಗಡ, ಗೋತ್ರದ ಖಾನೆಗಳೂ ಇವೆ. ಬೆಡಗು ಹೋಗಿ ನಕ್ಷತ್ರ ಬಂತು ಎನ್ನುವಂತಿಲ್ಲ, ಬೆಡಗಿನ ಮೇಲೆ ನಕ್ಷತ್ರ ಬಂದು ಕೂತಿತು.

ಕಾನೂನು ಈ ಜಾಗವನ್ನು ಮುಟ್ಟಿಲ್ಲ. 2017ರಲ್ಲಿ ವಿಧಾನಮಂಡಲ ಒಪ್ಪಿದ, 2020ರಿಂದ ಜಾರಿಯಲ್ಲಿರುವ ಕರ್ನಾಟಕದ ಅಮಾನವೀಯ ದುಷ್ಟಪದ್ಧತಿ ಹಾಗೂ ವಾಮಾಚಾರ ತಡೆ ಕಾಯ್ದೆ ಹಲವು ಕ್ರೂರ ಆಚರಣೆಗಳನ್ನು ಅಪರಾಧವೆಂದಿತು, ವಾಸ್ತು ಮತ್ತು ಜ್ಯೋತಿಷದ ಸಲಹೆಯನ್ನು ಹೊರಗಿಟ್ಟಿತು. ಹಾಗಾಗಿ ಮೂಲಾ ನಕ್ಷತ್ರದ ಹುಡುಗಿಯನ್ನು ಬೇಡವೆನ್ನುವವರನ್ನು ಯಾವ ಠಾಣೆಯೂ ಕೇಳುವುದಿಲ್ಲ. ಕೇಳಬೇಕಾದವರು ಅವಳ ಮನೆಯವರು, ಗಂಡಿನ ಮನೆಯವರು. ಆಸ್ಪತ್ರೆಯ ಚೀಟಿಯಲ್ಲಿ ಹೊತ್ತು ಬರೆದದ್ದು ಮಗುವಿನ ಆರೈಕೆಗಾಗಿ ಎಂದು ನೆನಪಿಟ್ಟುಕೊಂಡು, ಜಾತಕ ಬರೆಸದೆ, ಹುಡುಗ ಹುಡುಗಿ ಒಪ್ಪಿದರೆ ಸಾಕೆಂದು ಮದುವೆ ಮಾಡುವ ಮನೆಗಳೂ ಈ ಜಿಲ್ಲೆಯಲ್ಲಿವೆ. ಅವರ ಮಾತು ಬೆಳಗಿನ ಟೀವಿಯಲ್ಲಿ ಬರುವುದಿಲ್ಲ.